ಕ್ರೆಡಿಟ್ ಕಾರ್ಡಲ್ಲಿ ಮನೆ ಬಾಡಿಗೆ: ಐದಕ್ಕೆ ಎರಡು ಸ್ಟಾರ್, ಅದೂ ಅಡ್ವಾನ್ಸ್ ಕೊಡುವ ತಿಂಗಳಿಗೆ ಮಾತ್ರ

ಮೊದಲೇ ಹೇಳಿಬಿಡುತ್ತೇನೆ. ತಿಂಗಳು ತಿಂಗಳು ಸಂಬಳ ಸರಿಯಾಗಿ ಬರುವವರು, ಬಾಡಿಗೆ ದುಡ್ಡು ಅಕೌಂಟಲ್ಲೇ ಇರುವವರು ಈ ಸೇವೆಯ ಹತ್ತಿರ ಸುಳಿಯಬೇಕಾಗಿಲ್ಲ. ಮನೆ ಬದಲಾಯಿಸುವಾಗ ಅಡ್ವಾನ್ಸಿಗೆ ದುಡ್ಡು ಸಾಲದೆ ಒದ್ದಾಡುತ್ತಿರುವವರು ಪೂರ್ತಿ ಓದಿ. ಉಳಿದವರೂ ಓದಬಹುದು. ಆಫೀಸಲ್ಲಿ ಯಾರಾದರೂ "ಬಾಡಿಗೆನಾ? ಕಾರ್ಡಲ್ಲಿ ಹಾಕು ಮಗಾ, ಪಾಯಿಂಟ್ಸ್ ಬರುತ್ತೆ" ಅಂದಾಗ ಕೊಡಲಿಕ್ಕೆ ಒಂದು ಉತ್ತರ ಸಿಗುತ್ತದೆ.

ಸೇವೆ ಅಂದರೆ ಇಷ್ಟೇ. ಮನೆ ಓನರ್ ಹತ್ತಿರ ಕಾರ್ಡ್ ಉಜ್ಜುವ ಮಷಿನ್ ಇರುವುದಿಲ್ಲ ಅಲ್ವಾ, ಅದಕ್ಕೆ ನಡುವೆ ಒಂದು ಆಪ್ ಬಂದು ನಿಲ್ಲುತ್ತದೆ. ನಾವು ಓನರ್ ಹೆಸರು, ಅಕೌಂಟ್ ನಂಬರ್, ಐಎಫ್‌ಎಸ್‌ಸಿ ಕೋಡ್ ತುಂಬಬೇಕು. ಆಪ್ ನಮ್ಮ ಕಾರ್ಡಿನಿಂದ ದುಡ್ಡು ಎಳೆದುಕೊಂಡು, ತನ್ನ ಫೀಸು ಇಟ್ಟುಕೊಂಡು, ಬಾಡಿಗೆಯನ್ನು ಓನರ್ ಅಕೌಂಟಿಗೆ ಹಾಕುತ್ತದೆ. ಓನರ್‌ಗೆ ಕಾರ್ಡಿನ ಸುದ್ದಿಯೇ ಗೊತ್ತಾಗುವುದಿಲ್ಲ ಅನ್ನುವುದು ಜಾಹೀರಾತಿನ ಮಾತು. ಕ್ರೆಡ್, ನೋಬ್ರೋಕರ್, ಫೋನ್‌ಪೇ, ಪೇಟಿಎಂ ಎಲ್ಲರೂ ಒಂದು ಕಾಲಕ್ಕೆ ಇದನ್ನು ಜೋರಾಗಿ ಮಾರುತ್ತಿದ್ದರು. ನಾನು ಬಳಸಿದ್ದು ಯಾವ ಆಪ್ ಅನ್ನುವುದು ಇಲ್ಲಿ ಬೇಡ. ಲೆಕ್ಕ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ.

ನಮ್ಮದು ಉತ್ತರಹಳ್ಳಿ ಕಡೆ ಒಂದು ಟೂ ಬಿಎಚ್‌ಕೆ ಫ್ಲ್ಯಾಟ್. ಬಾಡಿಗೆ 25 ಸಾವಿರ, ಮೇಂಟೆನೆನ್ಸ್ ಬೇರೆ. ಓನರ್ ರಿಟೈರ್ ಆದವರು, ಬಸವನಗುಡಿಯಲ್ಲಿ ಇರುತ್ತಾರೆ. 5ನೇ ತಾರೀಖಿನೊಳಗೆ ಬಾಡಿಗೆ ಬರಬೇಕು, ಬಂದರೆ ಇಡೀ ತಿಂಗಳು ಅವರ ಸದ್ದಿಲ್ಲ. ಒಳ್ಳೆಯ ಓನರ್ ಅಂತಲೇ ಹೇಳಬೇಕು.

ಈಗ ಆಪ್ ತೋರಿಸುವ ಬಿಲ್ ನೋಡಿ. ಬಾಡಿಗೆ 25,000. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಕನ್ವೀನಿಯೆನ್ಸ್ ಫೀ 375, ಅಂದರೆ ಶೇ. 1.5. ಅದರ ಕೆಳಗೆ ಜಿಎಸ್‌ಟಿ 67 ರೂಪಾಯಿ 50 ಪೈಸೆ, ಫೀಸಿನ ಮೇಲೆ ಶೇ. 18. ಒಟ್ಟು 25,442.50. ಇದರ ಮೇಲೆ ಬಣ್ಣಬಣ್ಣದ ಒಂದು ಪಟ್ಟಿ, ಕೂಪನ್ ಹಾಕಿದರೆ ಐವತ್ತು ರೂಪಾಯಿ ಉಳಿತಾಯ ಅಂತ. ಕಣ್ಣು ಅಲ್ಲಿಗೇ ಹೋಗುತ್ತದೆ. ಕೂಪನ್ ಹಾಕಿದ ಖುಷಿಯಲ್ಲಿ ಓಟಿಪಿ ಹೊಡೆದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಆಪ್ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಇಂಥ ಆಪ್‌ಗಳನ್ನು ಮಾಡುವ ಹುಡುಗರು ದುಡ್ಡು ಕಳಿಸುವುದನ್ನು ಎಷ್ಟು ಸುಲಭ ಮಾಡಿದ್ದಾರೆ ಎಂದರೆ, ಎಷ್ಟು ಕಳಿಸುತ್ತಿದ್ದೇವೆ ಅಂತ ಯೋಚಿಸುವಷ್ಟು ಹೊತ್ತೂ ಉಳಿಯುವುದಿಲ್ಲ.

ಆದರೆ ಬಿಲ್ ಇಲ್ಲಿಗೆ ಮುಗಿಯಲಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿನ ಪಾಲು ಬೇರೆ ಇದೆ, ಅದು ಆಪ್‌ನಲ್ಲಿ ಎಲ್ಲೂ ಕಾಣಿಸುವುದಿಲ್ಲ. ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ಬಂದಾಗ ಬಾಡಿಗೆಯ ಸಾಲಿನ ಕೆಳಗೆ ಒಂದು ಫೀಸಿನ ಸಾಲು, ಅದರ ಕೆಳಗೆ ಜಿಎಸ್‌ಟಿಯ ಸಾಲು. ಶೇ. 1 ಅಂತ ಹಿಡಿದರೆ, ಬ್ಯಾಂಕ್ ಅದನ್ನು 25 ಸಾವಿರದ ಮೇಲಲ್ಲ, ಆಪ್ ಫೀಸೂ ಸೇರಿದ 25,442ರ ಮೇಲೆ ಹಾಕುತ್ತದೆ. ಜಿಎಸ್‌ಟಿ ಸೇರಿ 300 ರೂಪಾಯಿ. ಅಲ್ಲಿಗೆ 25 ಸಾವಿರ ಬಾಡಿಗೆ ಕಟ್ಟಲು ಖರ್ಚು 740ರ ಮೇಲೆ. ವರ್ಷಕ್ಕೆ ಹತ್ತಿರ ಹತ್ತಿರ 8,900. ನಮ್ಮನೆ ವರ್ಷದ ಗ್ಯಾಸ್ ಸಿಲಿಂಡರ್ ಖರ್ಚು ಕೂಡ ಅಷ್ಟಾಗುವುದಿಲ್ಲ.

ಹಿಂದೆ ಹೀಗಿರಲಿಲ್ಲ, ನಿಜ. 2022ರ ತನಕ ಬ್ಯಾಂಕುಗಳು ಬಾಡಿಗೆಗೆ ಅಂತ ಬೇರೆ ಫೀಸು ಹಾಕುತ್ತಿರಲಿಲ್ಲ, ಮೇಲಿಂದ ಪಾಯಿಂಟೂ ಕೊಡುತ್ತಿದ್ದವು. ಜನ ಲೆಕ್ಕ ಹಾಕಿದರು. ಆಪ್‌ಗೆ ಒಂದು ಪರ್ಸೆಂಟ್ ಚಿಲ್ಲರೆ ಕೊಟ್ಟು, ಬ್ಯಾಂಕಿಂದ ಎರಡು ಮೂರು ಪರ್ಸೆಂಟ್ ಬೆಲೆಯ ಪಾಯಿಂಟ್ ತೆಗೆದರೆ ಲಾಭ ತಾನೇ? ಅಷ್ಟಕ್ಕೇ ನಿಲ್ಲಲಿಲ್ಲ. ಹೆಂಡತಿ ಅಕೌಂಟಿಗೆ ಬಾಡಿಗೆ, ಭಾವಮೈದನ ಅಕೌಂಟಿಗೆ ಬಾಡಿಗೆ, ರೂಮ್‌ಮೇಟ್ ಇವನಿಗೆ ಬಾಡಿಗೆ ಹಾಕುವುದು, ಇವನು ರೂಮ್‌ಮೇಟ್‌ಗೆ ವಾಪಸ್ ಹಾಕುವುದು. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ಕ್ಯಾಶ್ ತೆಗೆದರೆ ದೊಡ್ಡ ಫೀಸು, ಅವತ್ತಿಂದಲೇ ಬಡ್ಡಿ. ಬಾಡಿಗೆ ಅಂತ ಹೇಳಿ ತೆಗೆದರೆ ಬಡ್ಡಿ ಇಲ್ಲ. ಇಲ್ಲದ ಮನೆಗೆ ಬಾಡಿಗೆ ಕಟ್ಟುವವರು ಜಾಸ್ತಿ ಆದಮೇಲೆ ಬ್ಯಾಂಕುಗಳು ಸುಮ್ನೆ ಕೂರುತ್ತವಾ?

ಐಸಿಐಸಿಐ ಬ್ಯಾಂಕ್ 2022ರ ಅಕ್ಟೋಬರ್ 20ರಿಂದ ಶೇ. 1 ಹಾಕಿತು. ಅದರ ಹಿಂದೆಯೇ ಎಸ್‌ಬಿಐ ಕಾರ್ಡ್ ನವೆಂಬರ್‌ನಲ್ಲಿ 99 ರೂಪಾಯಿ ಅಂತ ಶುರುಮಾಡಿ, 2023ರ ಮಾರ್ಚ್‌ಗೆ 199 ಮಾಡಿತು, ಜಿಎಸ್‌ಟಿ ಬೇರೆ. ಉಳಿದ ಬ್ಯಾಂಕುಗಳೂ ಒಂದೊಂದಾಗಿ ಸಾಲು ಹಿಡಿದವು. ಎಚ್‌ಡಿಎಫ್‌ಸಿ 2024ರ ಆಗಸ್ಟ್‌ನಿಂದ ಆಪ್ ಮೂಲಕ ಕಟ್ಟುವ ಬಾಡಿಗೆಗೆ ಶೇ. 1, ಒಂದು ಸಲಕ್ಕೆ ಹೆಚ್ಚೆಂದರೆ 3,000 ರೂಪಾಯಿ ಅಂತ ನಿಯಮ ತಂದಿತು. ಬ್ಯಾಂಕಿಗೆ ಇದು ಬಾಡಿಗೆ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳುವವರಿದ್ದಾರೆ. ಕಾರ್ಡಿನ ಪ್ರತಿ ವ್ಯವಹಾರದ ಜೊತೆ ಅಂಗಡಿಯ ಜಾತಿ ಹೇಳುವ ಒಂದು ನಂಬರ್ ಹೋಗುತ್ತದೆ, ಬಾಡಿಗೆಯದು 6513. ಅದು ಕಂಡ ತಕ್ಷಣ ಫೀಸು ಬೀಳುತ್ತದೆ, ಪಾಯಿಂಟ್ ನಿಲ್ಲುತ್ತದೆ.

ಹೌದು, ಪಾಯಿಂಟ್. ಆಫೀಸಲ್ಲಿ ಹೇಳುವವರು ಇನ್ನೂ ಹಳೇ ಲೆಕ್ಕದಲ್ಲೇ ಇದ್ದಾರೆ. ಈಗ ಬಹುತೇಕ ಕಾರ್ಡುಗಳಲ್ಲಿ ಬಾಡಿಗೆಗೆ ರಿವಾರ್ಡ್ ಪಾಯಿಂಟ್ ಸೊನ್ನೆ. ವರ್ಷಕ್ಕೆ ಇಷ್ಟು ಲಕ್ಷ ಖರ್ಚು ಮಾಡಿದರೆ ವಾರ್ಷಿಕ ಫೀಸು ಮನ್ನಾ ಅನ್ನುವ ಆಸೆಗೆ ಬಾಡಿಗೆ ಹಾಕುವವರೂ ಇದ್ದಾರೆ. ಎಷ್ಟೋ ಕಾರ್ಡುಗಳಲ್ಲಿ ಬಾಡಿಗೆಯನ್ನು ಆ ಲೆಕ್ಕದಿಂದಲೂ ಹೊರಗೆ ಇಟ್ಟಿದ್ದಾರೆ. ನಿಮ್ಮ ಕಾರ್ಡಿನ ನಿಯಮದ ಪಿಡಿಎಫ್ ತೆಗೆದು "ರೆಂಟ್" ಅಂತ ಹುಡುಕಿ, ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಡಿ, ಅವರು "ಎಲಿಜಿಬಲ್ ಸ್ಪೆಂಡ್ಸ್ ಮೇಲೆ ಸಿಗುತ್ತೆ ಸರ್" ಅನ್ನುತ್ತಾರೆ. ಎಲಿಜಿಬಲ್ ಯಾವುದು ಅಂತ ಕೇಳಿದರೆ ಅದೇ ಪಿಡಿಎಫ್ ಕಳಿಸುತ್ತಾರೆ.

ಇನ್ನೊಂದು ವಾದ, 45 ದಿನ ಬಡ್ಡಿ ಇಲ್ಲದ ಸಾಲ, ಅಷ್ಟು ದಿನ ನಮ್ಮ ದುಡ್ಡು ಬ್ಯಾಂಕಲ್ಲಿ ದುಡಿಯುತ್ತದೆ ಅಂತ. ಇದನ್ನು ಹೇಳುವವರು ಬಹಳ ಗಂಭೀರವಾಗಿ ಹೇಳುತ್ತಾರೆ, ಅದಕ್ಕೆ ಲೆಕ್ಕ ಹಾಕಿಯೇ ಬಿಡೋಣ. ಮೊದಲನೆಯದು, 45 ದಿನ ಎಲ್ಲರಿಗೂ ಸಿಗುವುದಿಲ್ಲ. ಬಿಲ್ ಆದ ಮಾರನೇ ದಿನ ಖರ್ಚು ಮಾಡಿದವನಿಗೆ ಮಾತ್ರ ಅಷ್ಟು. ಬಾಡಿಗೆ ತಾರೀಖು ನಮ್ಮ ಕೈಯಲ್ಲಿಲ್ಲ. ಬಿಲ್ 20ಕ್ಕೆ ಆಗುತ್ತದೆ, ಬಾಡಿಗೆ 5ಕ್ಕೆ ಕಟ್ಟಿದ್ದೀರಿ ಅಂದುಕೊಳ್ಳಿ. ಮುಂದಿನ ತಿಂಗಳು 10ರ ಹೊತ್ತಿಗೆ ಕಟ್ಟಬೇಕು. ಸಿಕ್ಕಿದ್ದು 35 ದಿನ. ದೊಡ್ಡ ಬ್ಯಾಂಕುಗಳ ಉಳಿತಾಯ ಖಾತೆಗೆ ಈಗ ವರ್ಷಕ್ಕೆ ಶೇ. 2.5ರ ಆಸುಪಾಸು ಬಡ್ಡಿ. 25 ಸಾವಿರಕ್ಕೆ 35 ದಿನದ ಬಡ್ಡಿ 60 ರೂಪಾಯಿ. ಶೇ. 6.5 ಕೊಡುವ ಎಫ್‌ಡಿ ಸಿಕ್ಕಿದರೂ 156. ಇದಕ್ಕೆ 740 ಕೊಡುತ್ತಿದ್ದೇವೆ. 60 ರೂಪಾಯಿ ದುಡಿಸಲು 740 ರೂಪಾಯಿ ಖರ್ಚು.

ಬಿಲ್ಲನ್ನು ಪೂರ್ತಿ ಕಟ್ಟದೆ ಮಿನಿಮಮ್ ಡ್ಯೂ ಮಾತ್ರ ಕಟ್ಟಿದರೆ ಕತೆಯೇ ಬೇರೆ. ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3.75 ಬಡ್ಡಿ ಇದೆ. 25 ಸಾವಿರಕ್ಕೆ ಒಂದು ತಿಂಗಳಿಗೆ 937, ಜಿಎಸ್‌ಟಿ ಸೇರಿ 1,106. ಜೊತೆಗೆ ಆ ತಿಂಗಳು ತಂದ ಹಾಲು, ತರಕಾರಿ, ಪೆಟ್ರೋಲ್ ಎಲ್ಲದಕ್ಕೂ ಅವತ್ತಿಂದಲೇ ಬಡ್ಡಿ ಶುರು. ಬಾಡಿಗೆ ಮತ್ತೆ ಮುಂದಿನ 5ಕ್ಕೆ ಬಂದೇ ಬರುತ್ತದೆ. ಟಿವಿ ಕೊಂಡ ಸಾಲ ಒಂದಲ್ಲ ಒಂದು ದಿನ ತೀರುತ್ತದೆ. ಬಾಡಿಗೆ ಹಾಗಲ್ಲ, ಹಳೆಯದು ತೀರುವ ಮೊದಲೇ ಹೊಸದು ಬಾಗಿಲಲ್ಲಿ ನಿಂತಿರುತ್ತದೆ.

ಲಿಮಿಟ್ ವಿಷಯವೂ ಒಂದಿದೆ. ಕಾರ್ಡ್ ಲಿಮಿಟ್ ಒಂದು ಲಕ್ಷ ಇದ್ದರೆ ತಿಂಗಳು ಶುರುವಾದ ವಾರದಲ್ಲೇ ಕಾಲುಭಾಗ ಬಾಡಿಗೆಗೆ ಹೋಯಿತು. ಮೇಲೆ ಮನೆ ಖರ್ಚು ಬಿದ್ದರೆ ಲಿಮಿಟ್‌ನ ಶೇ. 30 ದಾಟಲು ಎಷ್ಟು ಹೊತ್ತು? ಅದು ದಾಟಿದರೆ ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವವರು ನೋಡುವ ಅಂಕ, ಇಳಿಯಬಹುದು. ಅದನ್ನು ನೋಡಿಕೊಳ್ಳುವವರಿಗೆ ಇದು ಗೊತ್ತಿರುತ್ತದೆ. ಸದ್ಯದಲ್ಲೇ ಹೋಮ್ ಲೋನ್‌ಗೆ ಅರ್ಜಿ ಹಾಕುವವರು ಇನ್ನೂ ಹುಷಾರು.

ಈಗ ಓನರ್ ವಿಷಯ. ಅವರಿಗೆ ಗೊತ್ತೇ ಆಗುವುದಿಲ್ಲ ಅಂದಿದ್ದರಲ್ಲ, ನಮ್ಮ ಓನರ್ ತಿಂಗಳಿಗೊಮ್ಮೆ ಬ್ಯಾಂಕಿಗೆ ನಡೆದುಕೊಂಡು ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು ಬರುವವರು. ಅವತ್ತೇ ಫೋನ್ ಬಂತು.

"ಏನಪ್ಪಾ, ಬಾಡಿಗೆ ಹಾಕಿದೀನಿ ಅಂತ ಮೆಸೇಜ್ ಮಾಡಿದ್ದೆ. ಪಾಸ್‌ಬುಕ್ಕಲ್ಲಿ ನಿನ್ನ ಹೆಸರೇ ಇಲ್ಲ. ಯಾವುದೋ ಪ್ರೈವೇಟ್ ಲಿಮಿಟೆಡ್ ಅಂತ ಬಂದಿದೆ. ಯಾರು ಇವರು?"

"ಅಂಕಲ್, ಅದು ನಾನೇ. ಆಪ್ ಮೂಲಕ ಹಾಕಿದ್ದು, ಕ್ರೆಡಿಟ್ ಕಾರ್ಡಿಂದ."

"ಕ್ರೆಡಿಟ್ ಕಾರ್ಡಾ? ಯಾಕಪ್ಪಾ, ಕೆಲಸಕ್ಕೇನಾದ್ರೂ ತೊಂದ್ರೆ ಆಯ್ತಾ?"

ಇಲ್ಲ ಅಂಕಲ್, ಚೆನ್ನಾಗೇ ಇದೆ ಅಂತ ಹೇಳಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಮುಂದಿನ ವಾರ ಅಸೋಸಿಯೇಶನ್ ಸೆಕ್ರೆಟರಿ ಲಿಫ್ಟಲ್ಲಿ ಸಿಕ್ಕಿ, ಕಂಪನಿ ಹೇಗೆ ನಡೀತಿದೆ ಅಂತ ವಿಚಾರಿಸಿಕೊಂಡರು. ಬೆಂಗಳೂರಿನ ಹಳೇ ಓನರ್‌ಗಳ ಲೆಕ್ಕದಲ್ಲಿ ಸಾಲದ ದುಡ್ಡಲ್ಲಿ ಬಾಡಿಗೆ ಕೊಡುವ ಬಾಡಿಗೆದಾರ ಅಂದರೆ ಇವತ್ತೋ ನಾಳೆಯೋ ಬಾಡಿಗೆ ನಿಲ್ಲಿಸುವವನು. ಅದರಲ್ಲಿ ತಪ್ಪು ಹುಡುಕಲು ನನಗಂತೂ ಆಗಲಿಲ್ಲ.

ದುಡ್ಡು ತಲುಪುವ ವೇಗ ಒಂದೊಂದು ಸಲ ಒಂದೊಂದು ಥರ. ಕೆಲವು ತಿಂಗಳು ಗಂಟೆಯೊಳಗೆ ಹೋಗಿದ್ದಿದೆ. ಒಂದು ಸಲ ಶುಕ್ರವಾರ ರಾತ್ರಿ ಹಾಕಿದ್ದು "ಪ್ರೊಸೆಸಿಂಗ್" ಅಂತ ತೋರಿಸುತ್ತಾ ಸೋಮವಾರದ ತನಕ ಅಲ್ಲೇ ಗಿರಗಿರ ತಿರುಗುತ್ತಿತ್ತು. ಆಪ್‌ನ ಚಾಟ್‌ನಲ್ಲಿ ಕೇಳಿದರೆ ಉತ್ತರ ಕೊಡುವುದು ಮನುಷ್ಯರಲ್ಲ, ಬಾಟ್. "ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ" ಅನ್ನುವುದನ್ನು ನಾಲ್ಕು ಥರ ಹೇಳಿತು. ಕೊನೆಗೆ ಪೇಮೆಂಟ್ ಫೇಲ್ ಆಯಿತು, ದುಡ್ಡು ಕಾರ್ಡಿಗೆ ವಾಪಸ್ ಬರಲು ಇನ್ನಷ್ಟು ದಿನ. ಅಷ್ಟರಲ್ಲಿ 5ನೇ ತಾರೀಖು ಬಂದಿತ್ತು, ಅಕೌಂಟಿಂದಲೇ ನೆಫ್ಟ್ ಮಾಡಿದೆ. ಫೀಸು ಕೂಡ ವಾಪಸ್ ಬಂತು, ಮೋಸ ಆಯಿತು ಅಂತ ಹೇಳಲಾರೆ. ಆದರೆ ಕನ್ವೀನಿಯೆನ್ಸ್ ಫೀ ಅಂತ ಕರೆದು ಈ ಥರ ಕಾಯಿಸಿದರೆ ಸಿಟ್ಟು ಬರುತ್ತದೆ.

ಈಗ ಇನ್ನೂ ದೊಡ್ಡ ಬದಲಾವಣೆ ಆಗಿದೆ. 2025ರ ಸೆಪ್ಟೆಂಬರ್ 15ರಂದು ರಿಸರ್ವ್ ಬ್ಯಾಂಕ್ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ಹೊಸ ನಿಯಮ ಕೊಟ್ಟಿತು. ಅಗ್ರಿಗೇಟರ್ ಅಂದರೆ ಕಾರ್ಡಿನ ದುಡ್ಡು ತೆಗೆದುಕೊಂಡು ವ್ಯಾಪಾರಿಗೆ ತಲುಪಿಸುವ ಮಧ್ಯವರ್ತಿ. ತನ್ನ ಜೊತೆ ಒಪ್ಪಂದ ಮಾಡಿಕೊಂಡ, ದಾಖಲೆ ತಪಾಸಣೆ ಆದ ವ್ಯಾಪಾರಿಗೆ ಮಾತ್ರ ಅದು ದುಡ್ಡು ಹಾಕಬೇಕು ಅನ್ನುವುದು ನಿಯಮದ ತಿರುಳು. ನಮ್ಮ ಓನರ್ ಯಾವ ವ್ಯಾಪಾರಿ? ಅವರ ಅಕೌಂಟ್ ನಂಬರ್ ನಾವು ಟೈಪ್ ಮಾಡಿದ್ದು ಬಿಟ್ಟರೆ ಆಪ್‌ಗೆ ಅವರು ಯಾರೆಂದೇ ಗೊತ್ತಿಲ್ಲ. ಭಾವಮೈದನ ಅಕೌಂಟಿಗೆ ಬಾಡಿಗೆ ಹೋಗುತ್ತಿದ್ದದ್ದು ಇದೇ ಕಿಂಡಿಯಲ್ಲಿ. ಆಗ ಫೋನ್‌ಪೇ, ಪೇಟಿಎಂ, ಕ್ರೆಡ್ ಎಲ್ಲ ಕಾರ್ಡಿನ ಬಾಡಿಗೆ ಸೇವೆಯನ್ನು ನಿಲ್ಲಿಸಿದವು.

ನಿಯಮದ ಪ್ರಕಾರ ದಾರಿ ಪೂರ್ತಿ ಮುಚ್ಚಿಲ್ಲ, ಓನರೇ ಕೆವೈಸಿ ಕೊಟ್ಟು ನೋಂದಣಿ ಮಾಡಿಸಿಕೊಂಡರೆ ಆಗುತ್ತದೆ. ಹೇಳುವುದು ಸುಲಭ. ನಿಮ್ಮ ಓನರ್‌ಗೆ ಫೋನ್ ಮಾಡಿ, "ಅಂಕಲ್, ನಿಮ್ಮ ಪ್ಯಾನ್ ಕಾರ್ಡು, ಬ್ಯಾಂಕ್ ದಾಖಲೆ ಒಂದು ಆಪ್‌ಗೆ ಕೊಡಬೇಕು, ನನಗೆ ಕಾರ್ಡಲ್ಲಿ ಬಾಡಿಗೆ ಕಟ್ಟಬೇಕು" ಅಂತ ಕೇಳಿ ನೋಡಿ. ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ, ಅದರ ತೆರಿಗೆ ವಿನಾಯಿತಿಗೆ ಅಂತ ಪ್ಯಾನ್ ಕೇಳಿದರೇ "ಅದೆಲ್ಲಾ ಕೊಡಕ್ಕಾಗಲ್ಲಪ್ಪಾ, ಬೇಕಿದ್ರೆ ಬಾಡಿಗೆ ಐನೂರು ಕಮ್ಮಿ ಮಾಡ್ತೀನಿ" ಅನ್ನುವ ಓನರ್‌ಗಳ ಊರು ಇದು. ಅಮೆರಿಕದಲ್ಲಿ ಇರುವ ನಮ್ಮ ಕಸಿನ್ ಅಪಾರ್ಟ್‌ಮೆಂಟಿನ ಬಾಡಿಗೆಯನ್ನು ಪ್ರಾಪರ್ಟಿ ಕಂಪನಿಯ ವೆಬ್‌ಸೈಟಲ್ಲೇ ಕಟ್ಟುತ್ತಾಳೆ, ಕಾರ್ಡ್ ಬೇಕಾದರೆ ಕಾರ್ಡ್, ಫೀಸು ಅಲ್ಲೂ ಉಂಟು. ಅಲ್ಲಿ ಓನರ್ ಅಂದರೆ ಕಂಪನಿ. ಇಲ್ಲಿ ಓನರ್ ಅಂದರೆ ಪಾಸ್‌ಬುಕ್ ಹಿಡಿದ ಅಂಕಲ್. ವ್ಯತ್ಯಾಸ ಇರುವುದು ಆಪ್‌ನಲ್ಲಿ ಅಲ್ಲ.

ಎಚ್‌ಆರ್‌ಎ ಅಂದೆನಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಆಪ್‌ಗಳು ಬಾಡಿಗೆ ರಸೀದಿ ಕೊಡುತ್ತೇವೆ, ಟ್ಯಾಕ್ಸ್ ಉಳಿಸಿ ಅಂತ ಹೇಳುತ್ತವೆ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಎಚ್‌ಆರ್‌ಎ ವಿನಾಯಿತಿಯೇ ಇಲ್ಲ. ಹಳೆಯದರಲ್ಲಿ ಇರುವವರಿಗೂ ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಓನರ್ ಪ್ಯಾನ್ ಬೇಕೇ ಬೇಕು, ಆಪ್ ರಸೀದಿ ಕೊಟ್ಟ ಮಾತ್ರಕ್ಕೆ ಅದು ಬರುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಓನರ್ ಹೆಸರಿಗೆ ಹೋದ ನೆಫ್ಟ್ ಇದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ. ತಿಂಗಳ ಬಾಡಿಗೆ 50 ಸಾವಿರ ದಾಟಿದವರು ಟಿಡಿಎಸ್, ಅಂದರೆ ಬಾಡಿಗೆಯಲ್ಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ, ನೆನಪಿಟ್ಟುಕೊಳ್ಳಿ. 2024ರ ಅಕ್ಟೋಬರ್‌ನಿಂದ ಶೇ. 2, ಅದಕ್ಕಿಂತ ಮೊದಲು 5 ಇತ್ತು. ಆ ಜವಾಬ್ದಾರಿ ಬಾಡಿಗೆದಾರನದು, ಆಪ್‌ನದಲ್ಲ.

ಹಾಗಾದರೆ ಎರಡು ಸ್ಟಾರ್ ಯಾಕೆ ಕೊಟ್ಟೆ? ಅಡ್ವಾನ್ಸ್.

ಬೆಂಗಳೂರಲ್ಲಿ ಮನೆ ಬದಲಾಯಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಅನ್ನುವ ಹಳೇ ರೂಢಿ ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳು ಸಾಕು ಅನ್ನುತ್ತದೆ, ಅದನ್ನು ಓನರ್ ಮುಂದೆ ಓದಿ ಹೇಳಿದರೆ ಮನೆ ಬೇರೆಯವರಿಗೆ ಹೋಗುತ್ತದೆ. ಐದು ತಿಂಗಳು ಅಂದರೂ 25 ಸಾವಿರದ ಮನೆಗೆ ಒಂದೂಕಾಲು ಲಕ್ಷ. ಹಳೇ ಮನೆಯ ಅಡ್ವಾನ್ಸ್ ಖಾಲಿ ಮಾಡಿದ ಮೇಲೆ ತಾನೇ ವಾಪಸ್ ಬರುವುದು, ಅದೂ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡು. ಹೊಸ ಮನೆಗೆ ಮೊದಲೇ ಕೊಡಬೇಕು. ಮಧ್ಯದಲ್ಲಿ ಪ್ಯಾಕರ್ಸ್ ಅಂಡ್ ಮೂವರ್ಸ್, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಅಗ್ರಿಮೆಂಟ್ ಖರ್ಚು, ಹಾಲು ಉಕ್ಕಿಸುವ ದಿನ ಬಂದ ನಾಲ್ಕು ಜನಕ್ಕೆ ಊಟ. ಆ ಹದಿನೈದು ದಿನ ಎಂಥ ಸಂಬಳದವರಿಗೂ ಕೈ ಖಾಲಿ.

ಅಂಥ ಹೊತ್ತಲ್ಲಿ ನಾನು ಅಡ್ವಾನ್ಸಿನಲ್ಲಿ 75 ಸಾವಿರವನ್ನು ಕಾರ್ಡಿಂದ ಕೊಟ್ಟೆ. ಆಪ್, ಬ್ಯಾಂಕು ಎರಡೂ ಸೇರಿ 2,200ರ ಮೇಲೆ ತೆಗೆದುಕೊಂಡವು. ಹಳೇ ಓನರ್ ಅಡ್ವಾನ್ಸ್ ವಾಪಸ್ ಕೊಟ್ಟ ದಿನವೇ ಕಾರ್ಡ್ ಬಿಲ್ ಪೂರ್ತಿ ಕಟ್ಟಿದೆ. ಇದು ಜಾಸ್ತಿನಾ? ನಮ್ಮಮ್ಮನ ಪ್ರಕಾರ ಜಾಸ್ತಿ. "ಊರಿನ ಸೊಸೈಟಿಲಿ ಬಳೆ ಇಟ್ಟಿದ್ರೆ ತಿಂಗಳಿಗೆ ಏಳ್ನೂರೈವತ್ತು ಆಗ್ತಿತ್ತು" ಅಂದರು. ಅವರ ಲೆಕ್ಕ ಸರಿಯಾಗಿದೆ, 75 ಸಾವಿರಕ್ಕೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಅಂದರೆ ಅಷ್ಟೇ. ಆದರೆ ಬಳೆ ಊರಲ್ಲಿತ್ತು, ಓನರ್ ನಾಳೆ ಬೆಳಗ್ಗೆ ದುಡ್ಡು ಬರದಿದ್ದರೆ ಇನ್ನೊಬ್ಬರಿಗೆ ಕೊಡುತ್ತೇನೆ ಅಂದಿದ್ದರು. ಆಫೀಸಿನ ಗೆಳೆಯರ ಹತ್ತಿರ ಕೈ ಚಾಚುವುದು ಬೇಡವಾಗಿತ್ತು. ಆ ರಾತ್ರಿ ಸಾವಿರದೈನೂರು ಜಾಸ್ತಿ ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ. ದುಡ್ಡು ಎಲ್ಲಿಂದ, ಯಾವಾಗ ಬರುತ್ತದೆ ಅಂತ ಗೊತ್ತಿದ್ದು, ಅದು ಕಾರ್ಡ್ ಬಿಲ್ಲಿಗಿಂತ ಮೊದಲೇ ಬರುವುದಾದರೆ, ಹೊಸ ನಿಯಮದ ಪ್ರಕಾರ ಓನರ್ ನೋಂದಣಿಯೂ ಆಗಿದ್ದರೆ, ಈ ಸೇವೆಗೆ ಒಂದು ಅರ್ಥ ಇದೆ. ಇಎಂಐ ಮಾಡಿಕೊಳ್ಳಿ ಅಂತ ಆಪ್ ಕೆಳಗೆ ಒಂದು ಬಟನ್ ಇಟ್ಟಿರುತ್ತದೆ. ಅದನ್ನು ಒತ್ತಿದರೆ ಫೀಸಿನ ಜೊತೆ ಬಡ್ಡಿ, ಪ್ರೊಸೆಸಿಂಗ್ ಚಾರ್ಜ್, ಅದರ ಮೇಲೆ ಜಿಎಸ್‌ಟಿ, ಎಲ್ಲ ಸೇರುತ್ತವೆ.

ಒಮ್ಮೆ ಸೆಟ್ ಮಾಡಿದರೆ ಪ್ರತಿ ತಿಂಗಳು ತಾನಾಗಿ ಹೋಗುತ್ತದೆ ಅನ್ನುವುದೂ ಅರ್ಧ ಸತ್ಯ. ಕಾರ್ಡಿನಿಂದ ಇಂಥ ಪಾವತಿ 15 ಸಾವಿರ ದಾಟಿದರೆ ಪ್ರತಿ ಸಲ ಓಟಿಪಿ ಬೇಕು, ರಿಸರ್ವ್ ಬ್ಯಾಂಕ್ ನಿಯಮ. ಬೆಂಗಳೂರಲ್ಲಿ 15 ಸಾವಿರದೊಳಗೆ ಟೂ ಬಿಎಚ್‌ಕೆ ಎಲ್ಲಿದೆ? ಅದೇ ನೆಟ್‌ಬ್ಯಾಂಕಿಂಗ್‌ನಲ್ಲಿ ಪ್ರತಿ ತಿಂಗಳು 3ನೇ ತಾರೀಖಿಗೆ ಅಂತ ನೆಫ್ಟ್ ಶೆಡ್ಯೂಲ್ ಮಾಡಿಟ್ಟರೆ ತಾನಾಗಿ ಹೋಗುತ್ತದೆ. 2020ರ ಜನವರಿಯಿಂದ ಉಳಿತಾಯ ಖಾತೆಯವರಿಗೆ ಆನ್‌ಲೈನ್ ನೆಫ್ಟ್‌ಗೆ ಒಂದು ಪೈಸೆ ಚಾರ್ಜ್ ಇಲ್ಲ. ನಾನು ಈಗ ಅದನ್ನೇ ಮಾಡುತ್ತಿರುವುದು. ಪಾಸ್‌ಬುಕ್ಕಲ್ಲಿ ನನ್ನ ಹೆಸರೇ ಬರುತ್ತದೆ, ಅಂಕಲ್ ಫೋನ್ ಇಲ್ಲ.

ಕೊನೆಯದಾಗಿ ರುಪೇ ಕಾರ್ಡ್ ಉಪಾಯದ ಬಗ್ಗೆ, ಯಾಕೆಂದರೆ ಯಾರಾದರೂ ಕೇಳಿಯೇ ಕೇಳುತ್ತೀರಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡು ಓನರ್‌ಗೆ ಸ್ಕ್ಯಾನ್ ಮಾಡಬಹುದಲ್ಲ ಅಂತ. ಓನರ್‌ನ ಸ್ವಂತ ಯುಪಿಐ ನಂಬರ್‌ಗೆ ಹೋಗುವುದಿಲ್ಲ, ಅಂಗಡಿಯ ಕ್ಯೂಆರ್‌ಗೆ ಮಾತ್ರ ಹೋಗುತ್ತದೆ. ಓನರ್‌ದೇ ಕೆಳಗೆ ಪ್ರಾವಿಷನ್ ಸ್ಟೋರ್ ಇದ್ದರೆ ಅಲ್ಲಿನ ಕ್ಯೂಆರ್‌ಗೆ ಬಾಡಿಗೆ ಹಾಕಿಬಿಡುವುದು ಅನ್ನುವವರಿದ್ದಾರೆ. ಮನೆ ಬಾಡಿಗೆಯನ್ನು ಅಕ್ಕಿ ಬೇಳೆ ಅಂತ ತೋರಿಸುವ ಕೆಲಸ ಅದು. ಜೊತೆಗೆ ಅದು ಅಂಗಡಿಯ ವ್ಯಾಪಾರದ ಲೆಕ್ಕಕ್ಕೆ ಸೇರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದ್ದು, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ದು ಎಲ್ಲರಿಗೂ ನೆನಪಿದೆ. ಆ ಅಂಗಡಿಯವರ ಹತ್ತಿರ ಹೋಗಿ, ತಿಂಗಳಿಗೆ 25 ಸಾವಿರ ನಿಮ್ಮ ಸ್ಕ್ಯಾನರ್‌ಗೆ ಹಾಕಲಾ ಅಂತ ಕೇಳಿದರೆ ಬಾಡಿಗೆ ಮನೆ ಇರಲಿ, ಮರುದಿನ ಹಾಲಿನ ಪ್ಯಾಕೆಟ್ ಕೊಡುವುದೂ ಡೌಟು.